ಒಂದೇ ಅಳತೆಯ ಕೋಲುಗಳು

ಗಾಲ್ಫ್ ಕೋಲು ಮಾಡಿಕೊಡುವ ಅಣ್ಣನವರಿಗೆ,

ನಮಸ್ಕಾರ. ಯಜಮಾನರ ಹುಟ್ಟುಹಬ್ಬಕ್ಕೆಂದು ನಾನು ಗುಟ್ಟಾಗಿ ತಂದುಕೊಟ್ಟ, ಅವರ ಬೇರೆ ಬೇರೆ ಉದ್ದದ ಐರನ್ ಕೋಲುಗಳನ್ನೆಲ್ಲ ನೀವು ಒಂದೇ ಉದ್ದಕ್ಕೆ ಮಾಡಿಕೊಟ್ಟಿರಿ. “ರಜೆ ದಿನ ಆಡೋರಿಗೆ ಇದೇ ಸರಿ ಅಕ್ಕ, ಯಾವ ಕೋಲು ಹಿಡಿದ್ರೂ ನಿಲ್ಲೋದು ಒಂದೇ ಥರ” ಅಂದಿರಿ. ನಿಮ್ಮ ಕೆಲಸಕ್ಕೆ ಹೆಸರಿಡುವಂತಿಲ್ಲ. ಆದರೂ ದಯವಿಟ್ಟು ಅವನ್ನು ಮೊದಲಿನ ಹಾಗೇ ಮಾಡಿಕೊಡಿ.

ಮೊನ್ನೆ ದೂರದ ಹೊಡೆತಕ್ಕೆ ಹತ್ತಿರದ ಹೊಡೆತದ ಕೋಲು ಎಳೆದರಂತೆ. ಜೊತೆಯವರು ನಕ್ಕರಂತೆ. ಮನೆಗೆ ಬಂದವರೇ ಚೀಲವನ್ನು ಮೂಲೆಗೆಸೆದು, “ಇದನ್ನ ಮುಟ್ಟು ಅಂತ ನಿಂಗೆ ಯಾರು ಹೇಳಿದ್ರು?” ಎಂದು ಕೂಗಾಡಿದರು. ಸಂಜೆ ಇಣುಕಿದರೆ, ದೀಪ ಉರಿಯುತ್ತಿದ್ದ ಕೋಣೆಯಲ್ಲಿ ಒಂದೊಂದೇ ಕೋಲನ್ನು ನೆಲಕ್ಕೂರಿ, ಹಿಡಿಕೆ ತೊಡೆಯ ಎಲ್ಲಿಗೆ ಬರುತ್ತದೆಂದು ತಡವಿ ನೋಡುತ್ತಿದ್ದರು. ಕೋಲಿನ ಮೇಲಿನ ನಂಬರು ಅವರಿಗೆ ಕಾಣುತ್ತಿಲ್ಲ. ಇಷ್ಟು ದಿನ ಉದ್ದದಿಂದಲೇ ಗುರುತು ಹಿಡಿಯುತ್ತಿದ್ದರು. ಕಣ್ಣಿನ ವಿಷಯ ನನ್ನಿಂದಲೂ ಮುಚ್ಚಿಟ್ಟಿದ್ದಾರೆ. ನನಗೆ ಗೊತ್ತಾಗಿದೆಯೆಂದು ನಾನೂ ಬಾಯಿಬಿಟ್ಟಿಲ್ಲ.

ಅವರೇನಾದರೂ ಕೇಳಿದರೆ ಅಳತೆ ತಪ್ಪಿತ್ತು ಅನ್ನಿ. ತಪ್ಪನ್ನು ನನ್ನ ತಲೆಗೇ ಕಟ್ಟಿ. ಕೋಲುಗಳನ್ನು ಒಯ್ಯಲು ಯಾರನ್ನಾದರೂ ಮನೆಗೇ ಕಳಿಸಿ. ಅಂಗಡಿಗೆ ಬನ್ನಿ ಎಂದು ಅವರಿಗೆ ಮಾತ್ರ ಫೋನ್ ಮಾಡಬೇಡಿ. ತಾವೇ ಕಾರು ಓಡಿಸಿಕೊಂಡು ಹೊರಟುಬಿಡುತ್ತಾರೆ. ನಿನ್ನೆಯವರೆಗೂ ಮೊಮ್ಮಗಳನ್ನು ಶಾಲೆಗೆ ಬಿಟ್ಟು ಬರುತ್ತಿದ್ದವರು ಅವರೇ.

ಕಾರಿನ ಕೀಲಿಕೈಯನ್ನು ನಾನು ಬಚ್ಚಿಟ್ಟಿಲ್ಲ. ದಿನಾ ಇಡುವ ಮೇಜಿನಿಂದ ತೆಗೆದು, ಅದರ ಎದುರಿನ ಗೋಡೆಯ ಮೊಳೆಗೆ ನೇತುಹಾಕಿದ್ದೇನೆ, ಅಷ್ಟೇ. ಬೆಳಗಿನಿಂದ ಹುಡುಕುತ್ತಿದ್ದಾರೆ.

ಇಂತಿ,
ನಿಮ್ಮ ಹಳೆಯ ಗಿರಾಕಿಯ ಹೆಂಡತಿ