ಅಪ್ಪನ ಹಡಗಿನ ಗಡಿಯಾರ

ಕುರೆ,
ಶೋವಾ 49 (1974), ನವೆಂಬರ್ 12

ಪ್ರೀತಿಯ ಫುಮಿಯೆ ಅಕ್ಕನಿಗೆ,

ಅಪ್ಪನ ಯುದ್ಧನೌಕೆಯ ಗಡಿಯಾರವನ್ನು ಸಂಗ್ರಹಾಲಯಕ್ಕೆ ಕೊಡುವ ಮೊದಲು ಅಸಲಿಯೋ ಅಲ್ಲವೋ ನೋಡು ಎಂದು ಬರೆದಿದ್ದೆಯಲ್ಲ, ನಿನ್ನೆ ನನ್ನ ರಿಪೇರಿ ಅಂಗಡಿಯಲ್ಲಿ ಬಿಚ್ಚಿದೆ. ಗಡಿಯಾರದ ಮುಖದ ಮೇಲಿದ್ದ ನೌಕಾಪಡೆಯ ಲಂಗರಿನ ಗುರುತು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿದ್ದಕ್ಕೇ ಅಳಿಸಿಹೋಯಿತು. ಒಳಗಿನ ಹಿತ್ತಾಳೆ ತಗಡಿನ ಮೇಲೆ ತಯಾರಾದ ವರ್ಷ ಕೊರೆದಿದೆ: ಶೋವಾ 23. ಅಪ್ಪನ ಹಡಗು ಮುಳುಗಿದ್ದು ಅದಕ್ಕೂ ನಾಲ್ಕು ವರ್ಷ ಮೊದಲು, ಶೋವಾ 19ರಲ್ಲಿ.

ಅಪ್ಪನ ಜೊತೆ ಅದೇ ಹಡಗಿನಲ್ಲಿದ್ದೆ ಎಂದು ಹೇಳಿ ಅದನ್ನು ತಂದುಕೊಟ್ಟಿದ್ದ ಕಾಜಿತಾನಿಯವರ ಮನೆಗೆ ಹೋದೆ. ತಗಡಿನ ಮೇಲಿನ ವರ್ಷ ತೋರಿಸಿದೆ.

"ನಾನು ಆ ಹಡಗು ಹತ್ತಿದವನೇ ಅಲ್ಲಪ್ಪ. ಹಡಗುಕಟ್ಟೆಯಲ್ಲಿ ಅಡುಗೆ ಮಾಡ್ತಿದ್ದೆ. ಯುದ್ಧ ಮುಗಿದು ನಾಲ್ಕು ವರ್ಷ ಆದ್ರೂ ನಿಮ್ಮಮ್ಮ ದಿನಾ ಬಂದು ಬಂದರಿನಲ್ಲಿ ನಿಂತಿರ್ತಿದ್ರು. ನೋಡೋಕಾಗ್ತಿರಲಿಲ್ಲ. ನಿಮ್ಮಪ್ಪ ತೀರ್ಕೊಂಡ್ರು ಅಂತ ಬರೀ ಬಾಯಲ್ಲಿ ಹೇಳಿದ್ರೆ ನಂಬ್ತಿದ್ರಾ?"

"ಹಾಗಾದ್ರೆ ಅಪ್ಪ ನಿಮ್ಮ ತೊಡೆ ಮೇಲೆ ಪ್ರಾಣ ಬಿಟ್ರು ಅಂದಿದ್ದು?"

"ಕ್ಷಮಿಸಪ್ಪ."

ಅಪ್ಪ ಕೊನೆಗೆ ನಿನ್ನ ಹೆಸರು ಹಿಡಿದು ಕರೆದರು ಎಂದಿದ್ದರಲ್ಲ ಅಕ್ಕ, ಅದೂ ಅವರು ಕಟ್ಟಿ ಹೇಳಿದ್ದೇ. ನಿನಗೆ ಹೇಳದೆ ಇರಬೇಕೆಂದಿದ್ದೆ, ಆಗಲಿಲ್ಲ.

ಮನೆಗೆ ಬಂದಾಗ ಅಮ್ಮ ಕೇಳಿದಳು, "ಏನಾಯ್ತೋ? ಅಸಲಿ ತಾನೇ?"

"ಹೂಂ ಅಮ್ಮ."

"ನಂಗೊತ್ತಿತ್ತು. ಕೊನೇ ಗಳಿಗೇಲಿ ಅವರ ಹತ್ರ ಒಬ್ಬರಾದ್ರೂ ಇದ್ರು. ನಂಗಷ್ಟು ಸಾಕು."

ಗಡಿಯಾರ ಕೊಡುವುದಿಲ್ಲ ಎಂದು ಸಂಗ್ರಹಾಲಯಕ್ಕೆ ಬರೆದಿದ್ದೇನೆ. ಅಮ್ಮ ಯಾಕೆ ಎಂದು ಕೇಳಿಯೇ ಕೇಳುತ್ತಾಳೆ. ಭಾನುವಾರ ದಯವಿಟ್ಟು ಬಾ. ಮನೆಗೆ ಹೋಗುವ ಮೊದಲು ಅಂಗಡಿಗೆ ಬಾ. ಅಮ್ಮನಿಗೆ ಏನು ಹೇಳಬೇಕೋ ನೀನೇ ಹೇಳು, ನನ್ನಿಂದ ಆಗುವುದಿಲ್ಲ.

ನಿನ್ನ ತಮ್ಮ,
ತಾಮೋತ್ಸು