ಹತ್ತೊಂಬತ್ತು ಫೌಂಡರುಗಳು

ಮಾರ್ಚ್ ೨, ಸೋಮವಾರ. ಮಧ್ಯಾಹ್ನ ೩

ಕಾಲೇಜಿನವರು ಕೊಡುತ್ತೇವೆ ಅಂದದ್ದು: ಪದವಿ ಮುಗಿದ ಮೇಲೂ ಒಂದು ವರ್ಷ ಲ್ಯಾಬು. ಕೈಹಿಡಿದು ನಡೆಸಲು ಒಬ್ಬ ಅನುಭವಿ ಉದ್ಯಮಿ. ಹೂಡಿಕೆದಾರರ ಜೊತೆ ಮೂರು ಭೇಟಿ. ಕಂಪನಿ ಕಟ್ಟಲಾಗದವರಿಗೆ ಕ್ಯಾಂಪಸ್ ಸಂದರ್ಶನ.

ಕೊಟ್ಟದ್ದು: ಘಟಿಕೋತ್ಸವದ ಮರುದಿನವೇ ಲ್ಯಾಬಿನ ಬೀಗದ ಕೈ ಕಿತ್ತುಕೊಂಡರು. ಉದ್ಯಮಿ ಫೋನ್ ಎತ್ತಲ್ಲ. ಭೇಟಿ ಒಂದೇ — ಹನ್ನೊಂದು ನಿಮಿಷ, ಅದರಲ್ಲಿ ನಾಲ್ಕು ನಿಮಿಷ ಹೂಡಿಕೆದಾರ ಮೆಸೇಜ್ ಓದುತ್ತಿದ್ದ. ಸಂದರ್ಶನದ ಪಟ್ಟಿಯಲ್ಲಿ ನನ್ನ ಹೆಸರೇ ಇಲ್ಲ. ಯಾಕೆಂದರೆ ಕಾಲೇಜಿನ ಲೆಕ್ಕದಲ್ಲಿ ನಾನು ‘ಫೌಂಡರ್’, ಕಂಪನಿಯ ಸ್ಥಾಪಕಿ.

ಹೊರಗಿನ ಇಂಟರ್‌ವ್ಯೂ, ಇವತ್ತಿನದು ಹದಿನಾಲ್ಕನೆಯದು. ಪಂಪು ತಯಾರಿಸುವ ಕಾರ್ಖಾನೆ. ಎಚ್‌ಆರ್ ಹೆಂಗಸು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದಳು. ಕಾಲೇಜಿನ ವೆಬ್‌ಸೈಟು. ನನ್ನ ಫೋಟೋ. ಕೆಳಗೆ — ಫೌಂಡರ್ ಮತ್ತು ಸಿಇಒ.

“ಸ್ವಂತ ಕಂಪನಿ ಇದೆಯಲ್ಲಮ್ಮ?”

“ಇಲ್ಲ ಮೇಡಂ. ಹೆಸರಿಗೆ ಮಾತ್ರ.”

“ಹಾಗಾದ್ರೆ ಸುಳ್ಳು ಹೇಳ್ತಿರೋದು ಕಾಲೇಜೋ, ನೀವೋ?”

ಇಬ್ಬರೂ, ಅನ್ನಬೇಕಿತ್ತು.

ಮಾರ್ಚ್ ೫, ಗುರುವಾರ

ನನ್ನನ್ನು ಫೌಂಡರ್ ಮಾಡಿದ ಸಹಿಯ ಕಥೆ ಬರೆದಿಡಬೇಕು. ಇಲ್ಲದಿದ್ದರೆ ನಾಳೆ ನಾನೇ ನನ್ನನ್ನು ಮಾಫಿ ಮಾಡಿಬಿಟ್ಟೇನು.

ಕೊನೆಯ ಸೆಮಿಸ್ಟರಿನ ಕೊನೆಯ ವಾರ. ಪ್ಲೇಸ್‌ಮೆಂಟ್ ಸರ್ ಒಂದು ಹಾಳೆ ಹಂಚಿದರು. ಘೋಷಣಾ ಪತ್ರ. ‘ನಾನು ಸ್ವಂತ ಉದ್ಯಮ ಸ್ಥಾಪಿಸಿರುತ್ತೇನೆ.’ ಕೆಲಸ ಸಿಗದ ಹತ್ತೊಂಬತ್ತು ಜನಕ್ಕೆ ಮಾತ್ರ. “ಬರೀ ಫಾರ್ಮಾಲಿಟಿ, ಹಾಕಿ ಹಾಕಿ.” ಉಳಿದವರು ಗೀಚಿ ಎದ್ದರು. ನಾನು ಖುಷಿಯಿಂದ ಹಾಕಿದೆ. ಗುಂಡಗಿನ ಅಕ್ಷರದಲ್ಲಿ. ಕಂಪನಿಗೆ ಹೆಸರೂ ಇಟ್ಟೆ. ಅಪ್ಪ ಇಪ್ಪತ್ತಾರು ವರ್ಷದಿಂದ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನ ಉಕ್ಕಿನ ಹಗ್ಗ ಸವೆಯುವುದನ್ನು ಮೊದಲೇ ಹೇಳುವ ಪುಟ್ಟ ಡಬ್ಬಿ ನನ್ನ ಪ್ರಾಜೆಕ್ಟು. ಅದೇ ಕಂಪನಿಯಾದೀತು ಅಂತ ನಂಬಿದ್ದೆ. ನಂಬಿ ಕೆಟ್ಟೆ.

ನಲವತ್ತೊಂದು ಜನಕ್ಕೆ ಕೆಲಸ, ಹತ್ತೊಂಬತ್ತು ಜನ ಮಾಲೀಕರು. ಒಟ್ಟು ಅರವತ್ತು. ಗೇಟಿನ ಮೇಲೆ ಬ್ಯಾನರು: ಶೇಕಡಾ ನೂರು ಪ್ಲೇಸ್‌ಮೆಂಟ್. ಕೋರ್ಸಿನ ಹೆಸರು ನೋಡು: ಉದ್ಯಮಶೀಲತೆ ಅಂತೆ, ತಂತ್ರಜ್ಞಾನ ಅಂತೆ, ಸ್ನಾತಕೋತ್ತರ ಅಂತೆ. ನಿರುದ್ಯೋಗಿಯನ್ನು ಮಾಲೀಕನಾಗಿಸುವ ತಂತ್ರ ಒಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದಾರೆ.

ಭಾವ ಫೋನ್ ಮಾಡಿದಾಗಲೆಲ್ಲ ಒಂದೇ ಹಾಡು. “ಸಿಇಒ ಮೇಡಂ ಮೀಟಿಂಗಲ್ಲಿದಾರಾ, ಪಾತ್ರೆ ತೊಳೀತಿದಾರಾ?” ಹಿಂದೆ ಅಕ್ಕ ಕಿಸಕ್ ಅಂತಾಳೆ.

ಸಂಜೆ ಅಪ್ಪ ಒಂದು ಜಾಹೀರಾತು ತಂದ. ಸರ್ಕಾರದ ಲಿಫ್ಟ್ ತಪಾಸಣೆ ಕಚೇರಿ. ತರಬೇತಿಗೆ ಆರು ಜನ, ಆಮೇಲೆ ಕಾಯಂ. ಪದವಿ ಮುಗಿದು ವರ್ಷ ದಾಟಿರಬಾರದು. ಕೆಲಸ ಇಲ್ಲ, ಸ್ವಂತ ಉದ್ಯಮ ಇಲ್ಲ ಅಂತ ಕಾಲೇಜಿನ ಪತ್ರ ಬೇಕು. ಕೊನೆಯ ದಿನ ೨೭, ಸಂಜೆ ಐದು.

“ಆ ಆಫೀಸಿನವರ ಮುಂದೆ ಜೀವಮಾನವೆಲ್ಲ ಕೈಕಟ್ಟಿ ನಿಂತಿದೀನಿ,” ಅಂದ ಅಪ್ಪ. “ನೀನು ಆ ಕಡೆ ನಿಂತ್ಕೋ.”

ಬರುವ ವರ್ಷಕ್ಕೆ ನನಗೆ ಅರ್ಹತೆ ಇರಲ್ಲ. ಇದೊಂದೇ ಬಾಗಿಲು.

ಮಾರ್ಚ್ ೯, ಸೋಮವಾರ. ೧೨:೩೦

ಪ್ಲೇಸ್‌ಮೆಂಟ್ ಕೋಣೆ. ಎಸಿ. ಗೋಡೆ ತುಂಬ ಟೈ ಕಟ್ಟಿದವರ ಫೋಟೋ. ಸರ್ ಹತ್ತಿರ ಪತ್ರ ಕೇಳಿದೆ.

“ನಿನ್ನ ಹೆಸರು ಒಂದು ತೆಗೆದ್ರೆ ನೂರು ಹೋಗಿ ತೊಂಬತ್ತೆಂಟು ಪಾಯಿಂಟ್ ಮೂರು ಆಗತ್ತೆ.”

“ನಿಜವಾದ ಲೆಕ್ಕ ಅರವತ್ತೆಂಟು ಸರ್.”

ಸರ್ ಮುಖ ಕೆಂಪಗಾಯಿತು. ಆಮೇಲೆ ಜೇನು ಸುರಿಸಿದರು. “ಸೋತೆ ಅಂತ ಯಾಕೆ ಅಂದ್ಕೊತೀಯಮ್ಮ? ಇದು ಸೋಲಲ್ಲ, ಪಿವಟ್. ದಾರಿ ಬದಲಿಸೋದು ಅಷ್ಟೆ.”

“ಹಾಗೇ ಬರೆದು ಸೀಲ್ ಹಾಕಿಕೊಡಿ ಸರ್. ಇವಳು ಪಿವಟ್ ಆಗಿದ್ದಾಳೆ, ಕಂಪನಿ ಇಲ್ಲ ಅಂತ.”

ಹೊರಗೆ ಹೋಗು ಅಂದರು. ಹೋದೆ.

ಅಪ್ಪನಿಗೆ ಹೇಳಿದೆ. ಕೈಗೆ ಹತ್ತಿದ ಗ್ರೀಸನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸುತ್ತ ಅಂದ: “ಒಬ್ಬಳೇ ಹೋದ್ರೆ ಅದು ಗೋಳು. ಹತ್ತೊಂಬತ್ತು ಜನ ಹೋಗಿ ನೋಡು.”

ಮಾರ್ಚ್ ೧೫, ಭಾನುವಾರ

ಅಪ್ಪನ ಮೆಕ್ಯಾನಿಕ್ ಸಂಘದ ರೂಮು. ಹತ್ತೊಂಬತ್ತು ಜನಕ್ಕೆ ಫೋನ್ ಮಾಡಿದ್ದೆ. ಬಂದವರು ಏಳು. ಕ್ಲಾಸಿನ ಅಡ್ಡಹೆಸರಲ್ಲೇ ಬರೆಯುತ್ತೇನೆ.

ಕನ್ನಡಕ ಬಂದ — ಕ್ಲಾಸಿಗೇ ಮೊದಲು, ಈಗ ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್‌ಗೆ ಗಾಜು ಅಂಟಿಸುತ್ತಾನೆ. ಪಿಚ್ ಬಂದ — ಮಾತಿನ ಮಲ್ಲ, ಐಡಿಯಾ ಮಾರುವ ಎಲ್ಲ ಪಿಚ್ ಸ್ಪರ್ಧೆಯಲ್ಲೂ ಬಹುಮಾನ. ಈಗ ಬಾಡಿಗೆ ಮನೆ ತೋರಿಸುವ ದಳ್ಳಾಳಿಯ ಹಿಂದೆ ಬೀಗದ ಕೈ ಹಿಡಿದು ತಿರುಗುತ್ತಾನೆ. ದೊಡ್ಡಕ್ಕ ಬಂದಳು — ಮಗುವಾದ ಮೇಲೆ ಓದಲು ಸೇರಿದವಳು, ನಮಗೆಲ್ಲ ಹಿರಿಯಳು.

ನಾನು ‘ಮನವಿ’ ಅಂತ ಶುರುಮಾಡಿದೆ. ಕನ್ನಡಕ ಹೊಡೆದುಹಾಕಿದ. “ಭಿಕ್ಷೆ ಕೇಳ್ತಿದೀವಾ? ಹಕ್ಕೊತ್ತಾಯ ಅಂತ ಬರಿ.”

ಪಿಚ್: “ಲೋ, ಅಷ್ಟು ಗಟ್ಟಿಯಾಗಿ ಅಂದ್ರೆ ಬಾಗಿಲೇ ಹಾಕ್ತಾರೆ.”

“ಈಗೇನು ತೆಗೆದಿಟ್ಟಿದಾರೇನೋ?”

ದೊಡ್ಡಕ್ಕ: “ಯಾವುದಾದ್ರೂ ಒಂದು ಬರೀರಪ್ಪ. ಮಗು ಪಕ್ಕದ ಮನೇಲಿದೆ, ಇಷ್ಟೊತ್ತಿಗೆ ಅವರ ಮನೆ ಎರಡು ಭಾಗ ಆಗಿರತ್ತೆ.”

ನಕ್ಕೆವು. ತಿಂಗಳುಗಳ ಮೇಲೆ ನಕ್ಕದ್ದು. ‘ಕೆಳಗೆ ಸಹಿ ಮಾಡಿದ ನಾವು ಯಾವ ಉದ್ಯಮವನ್ನೂ ಸ್ಥಾಪಿಸಿಲ್ಲ. ಘೋಷಣಾ ಪತ್ರ ಹಿಂಪಡೆಯುತ್ತಿದ್ದೇವೆ. ಪಟ್ಟಿಯಿಂದ ನಮ್ಮ ಹೆಸರು ತೆಗೆಯಿರಿ.’ ಏಳು ಸಹಿ.

ಮಾರ್ಚ್ ೧೭, ಮಂಗಳವಾರ

ಹಕ್ಕೊತ್ತಾಯ ಕೊಡಲು ಕಾಲೇಜಿಗೆ ಹೋದೆವು. ಗುಮಾಸ್ತ ಸ್ವೀಕೃತಿ ಸೀಲು ಹಾಕಲ್ಲ ಅಂದ. ಕನ್ನಡಕ ಕೌಂಟರಿನ ಮುಂದೆ ನೆಲದ ಮೇಲೆ ಕೂತುಬಿಟ್ಟ. ನಾನೂ ಕೂತೆ. ಒಂದೂವರೆ ಗಂಟೆ. ಸೀಲು ಬಿತ್ತು.

ಇನ್ನು ಹತ್ತು ದಿನ. ಸಾಕು.

ಮಾರ್ಚ್ ೨೩, ಸೋಮವಾರ

ಸಾಕಾಗಲಿಲ್ಲ. ಪ್ಲೇಸ್‌ಮೆಂಟ್ ಸರ್ ಒಬ್ಬೊಬ್ಬರನ್ನೇ ಕರೆಸುತ್ತಿದ್ದಾರೆ. ಸಹಿ ಏಳು ಇದ್ದದ್ದು ಐದಾಯಿತು, ಐದು ನಾಲ್ಕು.

ಇವತ್ತು ಪಿಚ್ ಬಂದ. ಇಸ್ತ್ರಿ ಹಾಕಿದ ಅಂಗಿ. ಕೂತುಕೊಳ್ಳಲಿಲ್ಲ.

“ಕಾಲೇಜಲ್ಲೇ ಕೆಲಸ ಕೊಟ್ರು ಕಣೆ. ಅಸಿಸ್ಟೆಂಟ್.”

“ಏನು ಕೆಲಸ?”

ನೆಲ ನೋಡಿದ. “ಹೊಸ ಬ್ಯಾಚಿನ ಫಾರ್ಮ್ ಕಲೆಕ್ಟ್ ಮಾಡೋದು.”

“ಯಾವ ಫಾರ್ಮ್?”

ಅದೇ ಘೋಷಣಾ ಪತ್ರ. ಫೌಂಡರುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿದೆ ಮಹಾಶಯನಿಗೆ. ಬಾಯಿಗೆ ಬಂದಂತೆ ಬೈದೆ. ಕೇಳಿಸಿಕೊಂಡ. “ನನ್ನ ತಂಗಿ ಓದ್ಬೇಕು,” ಅಂದ. ಹೋದ. ಬೈದದ್ದರಲ್ಲಿ ಅರ್ಧ ವಾಪಸ್ ತಗೋಬೇಕು ಅನಿಸಿತು. ಇನ್ನರ್ಧ ಇಲ್ಲ.

ಮಾರ್ಚ್ ೨೫, ಬುಧವಾರ

ದೊಡ್ಡಕ್ಕನನ್ನು ಹುಡುಕಿ ಹೋದೆ. ಸಿಕ್ಕಿದ್ದು ಸಾರ್ವಜನಿಕ ಗ್ರಂಥಾಲಯದಲ್ಲಿ. ಮೂಲೆ ಮೇಜು, ಮುಚ್ಚಿದ ಲ್ಯಾಪ್‌ಟಾಪು.

“ಮನೇಲಿ ನಾನು ಕಂಪನಿ ನಡೆಸ್ತಿದೀನಿ ಅಂದ್ಕೊಂಡಿದಾರೆ,” ಅಂದಳು. “ದಿನಾ ಒಂಬತ್ತಕ್ಕೆ ಬಂದು ಇಲ್ಲಿ ಕೂತ್ಕೊತೀನಿ. ಐದಕ್ಕೆ ಹೋಗ್ತೀನಿ. ಅತ್ತೆ ಮಗು ನೋಡ್ಕೊತಾರೆ — ಸೊಸೆ ಸಿಇಒ ಅಂತ. ಸರ್ ಅಂದ್ರು, ಹಠ ಮಾಡಿದ್ರೆ ಮನೆಗೇ ಫೋನ್ ಮಾಡ್ತೀವಿ ಅಂತ.”

“ಅಕ್ಕಾ, ಎಷ್ಟು ದಿನ ಹೀಗೆ?”

“ಗೊತ್ತಿಲ್ಲ ಮರಿ. ನನ್ನ ಸಹಿ ತೆಗೆದುಬಿಡು.”

ಕೆಲಸ ಕಿತ್ತುಕೊಂಡರೆ ಕೂಗಬಹುದು. ಇವರು ಕೆಲಸ ಇಲ್ಲ ಅಂತ ಹೇಳಿಕೊಳ್ಳುವ ಬಾಯನ್ನೇ ಕಿತ್ತುಕೊಂಡಿದ್ದಾರೆ.

ಮಾರ್ಚ್ ೨೭, ಶುಕ್ರವಾರ. ಸಂಜೆ ೫:೨೦

ತಪಾಸಣೆ ಕಚೇರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಅರ್ಜಿ, ಅಂಕಪಟ್ಟಿ, ಕನ್ನಡಕ ನೆಲಕ್ಕೆ ಕೂತು ಹಾಕಿಸಿದ ಸೀಲಿನ ಪ್ರತಿ, ನನ್ನ ಡಬ್ಬಿ — ಎಲ್ಲ ಒಯ್ದಿದ್ದೆ. ಕಾಲೇಜಿನ ಪತ್ರ ಒಂದಿಲ್ಲ. ಕೌಂಟರಿನಾಕೆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಹೇಗೆ ಕೆಲಸ ಮಾಡತ್ತೆ ಅಂತ ಕೇಳಿದಳು. ಹೇಳಿದೆ. ನಿಜಕ್ಕೂ ಕೇಳಿದವಳು ಎರಡು ವರ್ಷದಲ್ಲಿ ಇವಳೊಬ್ಬಳೇ.

“ಒಳ್ಳೇ ಕೆಲಸ ಮಾಡಿದೀಯ. ಆದ್ರೆ ಕಂಪ್ಯೂಟರಲ್ಲಿ ನಿನ್ನ ಹೆಸರು ಹೊಡೆದ್ರೆ ಮಾಲೀಕರು ಅಂತ ಬರ್ತಿದೆ. ಪತ್ರ ಇಲ್ಲದೆ ತಗೊಂಡ್ರೆ ನನ್ನ ಕೆಲಸ ಹೋಗತ್ತಮ್ಮ.”

ಐದಕ್ಕೆ ಶಟರ್ ಎಳೆದರು. ಅಪ್ಪ ಎದುರು ರಸ್ತೆಯಲ್ಲಿ ಕಾಯುತ್ತಿದ್ದ. ನನ್ನ ಮುಖ ನೋಡಿ ರಸ್ತೆ ದಾಟಿ ಬಂದ, ಡಬ್ಬಿ ಇಸಿದುಕೊಂಡ.

ಏಪ್ರಿಲ್ ೭, ಮಂಗಳವಾರ

ಹನ್ನೊಂದು ದಿನ ಏನೂ ಬರೆದಿಲ್ಲ. ಬರೆಯಲು ಇರಲಿಲ್ಲ.

ಅಪ್ಪನ ಜೊತೆ ಹೋಗುತ್ತಿದ್ದೇನೆ. ಆಸ್ಪತ್ರೆ, ಬಟ್ಟೆ ಅಂಗಡಿ, ಕಚೇರಿ ಕಟ್ಟಡ. ಲಿಫ್ಟಿನ ಗುಂಡಿಗಿಳಿದು ಗ್ರೀಸ್ ಬಳಿಯುವುದು, ಟಾರ್ಚ್ ಹಿಡಿಯುವುದು. ನಿನ್ನೆ ತಪಾಸಣೆಗೆ ಬಂದ ಟ್ರೈನಿ, ಕಳೆದ ವರ್ಷ ಸೇರಿದವಳು, ನನಗಿಂತ ಚಿಕ್ಕವಳು, ಅಪ್ಪನನ್ನು “ಏನಪ್ಪಾ, ಬ್ರೇಕ್ ಚೆಕ್ ಮಾಡಿದ್ಯಾ?” ಅಂದಳು. ಅಪ್ಪ ಕೈಕಟ್ಟಿ ನಿಂತ. ನಾನು ಪಕ್ಕದಲ್ಲಿ.

ವೆಬ್‌ಸೈಟಿನಲ್ಲಿ ಫೋಟೋ ಈಗಲೂ ಇದೆ. ನಗುತ್ತಿದ್ದೇನೆ.

ಸಹಿ ಉಳಿದದ್ದು ಎರಡು. ನನ್ನದು, ಕನ್ನಡಕನದು. ಇವತ್ತು ಬಂದಿದ್ದ. ಹೊಸ ಬ್ಯಾಚಿಗೆ ಸೋಮವಾರ ಫಾರ್ಮ್ ಹಂಚುತ್ತಾರಂತೆ. ಈ ಸಲ ಕೆಲಸ ಸಿಗದವರು ಇಪ್ಪತ್ತಾರು. ಅವರು ಸಹಿ ಹಾಕುವ ಮೊದಲು ಕೂರಿಸಿ ಹೇಳಬೇಕು ಅಂದ.

“ಯಾರು ಬರ್ತಾರೆ ಕಣೋ? ನಮ್ಮವರೇ ನಿಲ್ಲಲಿಲ್ಲ.”

“ಬರದೇ ಇರಬಹುದು.”

“ನನ್ನ ಬಾಗಿಲಂತೂ ಮುಚ್ಚಿತು.”

“ನಂದೂ. ಚೀಟಿ ಬರಿ.”

ಬರೆದೆ, ಇಪ್ಪತ್ತಾರು ಪ್ರತಿ. ಕಾಲೇಜು ಗೇಟಿನ ಹೊರಗೆ ಹಂಚಲು. ಇಲ್ಲೂ ಒಂದು —

ಸಭೆ: ಏಪ್ರಿಲ್ ೧೨, ಭಾನುವಾರ, ಬೆಳಿಗ್ಗೆ ಹತ್ತೂವರೆ. ಮೆಕ್ಯಾನಿಕ್ ಸಂಘದ ರೂಮು. ಬರುವವರೆಗೆ ಯಾವುದಕ್ಕೂ ಸಹಿ ಹಾಕಬೇಡಿ.