ಧಣಿಯ ಅಪ್ಪಣೆ

ಮಹಬೂಲಾ, ಕುವೈತ್
೧೪ ನವೆಂಬರ್ ೨೦೨೫, ಶುಕ್ರವಾರ

ಮುದ್ದಿನ ಮಗಳು ಅನ್ವಿತಾಳಿಗೆ ಅಪ್ಪನ ನೆನಪುಗಳು.

ಕೆಮ್ಮು ಹೇಗಿದೆ? ಹಾಸ್ಟೆಲಿನಲ್ಲಿ ಬಿಸಿನೀರು ಸಿಗುತ್ತದೋ, ಇಲ್ಲ ಮೊದಲಿನ ಹಾಗೆ ತಣ್ಣೀರಿನಲ್ಲೇ ತಲೆಗೆ ಸ್ನಾನ ಮಾಡಿ ಕಾಲೇಜಿಗೆ ಓಡುತ್ತೀಯೋ? ಅಮ್ಮನ ಮಂಡಿನೋವು ಕಡಿಮೆಯಾಗಿದೆಯಂತೆ. ಅವಳ ಮಾತು ನಂಬಬೇಡ, ಊರಿಗೆ ಹೋದಾಗ ಮೆಟ್ಟಿಲು ಹತ್ತಿಸಿ ನೋಡು. ನಾನು ಸೌಖ್ಯ. ಇಲ್ಲಿ ಸೆಕೆ ಇಳಿದಿದೆ, ಬೆಳಿಗ್ಗೆ ಶುಐಬಾಕ್ಕೆ ಹೋಗುವ ಕಂಪನಿ ಬಸ್ಸಿನ ಕಿಟಕಿ ತೆರೆದು ಕೂರಬಹುದು. ಫೋನಿದ್ದೂ ಕಾಗದ ಯಾಕೆ ಎಂದು ನಗಬೇಡ. ನನ್ನ ರೂಮಿನ ರೋಹಿದಾಸ ನಾಳೆ ರಜೆಯಲ್ಲಿ ಮಂಗಳೂರಿಗೆ ಬರುತ್ತಾನೆ, ಖರ್ಜೂರದ ಜೊತೆ ಇದನ್ನೂ ತಂದುಕೊಡುತ್ತಾನೆ.

ಕಾಲೇಜಿನ ವಾರ್ಷಿಕ ಸಂಚಿಕೆಗೆ ನೀನು ಬರೆದ ‘ಮಧ್ಯಯುಗದ ಯುರೋಪಿನ ಒಕ್ಕಲುಗಳು’ ಲೇಖನ ಓದಿದೆ. ಮೊಬೈಲಿನಲ್ಲಿ ಅಕ್ಷರ ಸರಿಯಾಗಿ ಕಾಣುವುದಿಲ್ಲ ಎಂದು ಆಫೀಸಿನಲ್ಲಿ ಪ್ರಿಂಟ್ ತೆಗೆಯಲು ಹೋದರೆ ನನಗಿಂತ ಮೊದಲು ರೋಹಿದಾಸನೇ ಓದಿ, “ಮಗಳು ನಿನ್ನನ್ನು ಫೇಮಸ್ ಮಾಡಿದ್ಳು ಮಾರಾಯ” ಎಂದ. ಒಂದೇ ಮಾಡಿನ ಕೆಳಗೆ ಮನುಷ್ಯರೂ ದನಗಳೂ ಮಲಗುತ್ತಿದ್ದದ್ದು, ಬಾರ್ಲಿ ಬಟಾಣಿ ಹಾಕಿ ಕುದಿಸಿದ ಗಂಜಿ, ಇಗರ್ಜಿಯ ಗಂಟೆ ಕೇಳಿ ಏಳುವುದು, ತಾನು ಬೆಳೆದ ಕಾಳನ್ನೂ ಧಣಿಯ ಗಿರಣಿಯಲ್ಲೇ ಬೀಸಬೇಕಾದದ್ದು, ಎಲ್ಲವನ್ನೂ ಚೆನ್ನಾಗಿ ಬರೆದಿದ್ದೀಯ. ಮನೆಯ ಯಜಮಾನ ಸತ್ತರೆ ಇದ್ದುದರಲ್ಲಿ ಒಳ್ಳೆಯ ದನವನ್ನು ಧಣಿ ಹಟ್ಟಿಯಿಂದ ಬಿಚ್ಚಿಸಿಕೊಂಡು ಹೋಗುತ್ತಿದ್ದ ಎಂಬ ಸಾಲನ್ನು ಎರಡು ಸಲ ಓದಿದೆ. ನಿನ್ನ ಮುತ್ತಜ್ಜನೂ ಗೇಣಿ ಒಕ್ಕಲು. ಅಂಗಳದ ಭತ್ತ ಮನೆಯೊಳಗೆ ಬರುವ ಮೊದಲು ಧಣಿಗಳ ಮನೆಗೆ ಹೋಗುತ್ತಿತ್ತು ಎಂದು ಅಜ್ಜಿ ಹೇಳುತ್ತಿದ್ದರು. ಹಾಗಾಗಿ ಈ ಪಾಠ ನನಗೆ ಪೂರಾ ಹೊಸದಲ್ಲ.

ಆದರೆ ಮೂರನೆಯ ಪುಟದಲ್ಲಿ ಹೆಲ್ಮೆಟ್ ಹಾಕಿದ ನನ್ನ ಫೋಟೋ, ಕೆಳಗೆ ‘ಇಂದಿನ ಒಕ್ಕಲು’ ಎಂದು ಬರಹ. ಅದರ ಪಕ್ಕದಲ್ಲಿ ಈ ಸಾಲು: ‘ಎರಡು ವರ್ಷದ ಹಿಂದೆ ಅಜ್ಜಿ ತೀರಿಕೊಂಡಾಗ ಕಂಪನಿ ಅಪ್ಪನನ್ನು ಬಿಡಲಿಲ್ಲ. ಆ ಕಾಲದ ಒಕ್ಕಲಿಗೂ ಊರು ಬಿಡಲು ಧಣಿಯ ಅಪ್ಪಣೆ ಬೇಕಿತ್ತು.’ ಇಪ್ಪತ್ತಕ್ಕೆ ಅಚ್ಚಿಗೆ ಹೋಗುತ್ತದೆ, ಒಪ್ಪಿಗೆಯೋ ಎಂದು ಕೇಳಿದ್ದೀಯ. ನನಗೆ ಸಿಟ್ಟು ಬಂತು, ಮುಚ್ಚಿಡುವುದೇನು. ನಾಲ್ಕು ದಿನ ಫೋನಿನಲ್ಲಿ ಬರೀ ಹೂಂ ಎಂದದ್ದು ಅದಕ್ಕೇ, ಗಂಟಲು ನೋವಿಗಲ್ಲ. ನಮ್ಮ ಕಂಪನಿಯ ಸ್ಟೋರಿನಲ್ಲಿ ಸಾವಿರಾರು ಬಗೆಯ ಪೈಪು, ವಾಲ್ವುಗಳಿವೆ. ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವವನು ನಾನು. ನನ್ನನ್ನು ಯಾರೂ ಕಟ್ಟಿ ತಂದದ್ದಲ್ಲ, ಬಜ್ಪೆಯಲ್ಲಿ ವಿಮಾನ ಹತ್ತಿದ್ದು ನನ್ನದೇ ಕಾಲು.

ಸಿಟ್ಟು ಇಳಿದ ಮೇಲೆ ಯೋಚಿಸಿದೆ. ಈ ದೇಶದಲ್ಲಿರಲು ಬೇಕಾದ ನನ್ನ ಇಕಾಮಾ ಇರುವುದು ಕಂಪನಿಯ ಕೈಯಲ್ಲಿ, ರಜೆಗೆ ಅವರ ಒಪ್ಪಿಗೆ ಬೇಕು, ಅದೇನೂ ಸುಳ್ಳಲ್ಲ. ವೀಸಾ ಕೊಟ್ಟು ಕರೆಸಿಕೊಂಡ ಕೆಟ್ಟ ಕಫೀಲನ ಕೈಗೆ ಸಿಕ್ಕಿ ವರ್ಷಗಟ್ಟಲೆ ಊರು ಕಾಣದವರು ಇದೇ ಬೀದಿಯಲ್ಲಿದ್ದಾರೆ. ಅವರ ಚಿತ್ರ ಹಾಕಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಇನ್ನೊಂದು ಸಂಗತಿ ನಿನಗೆ ಹೊಳೆದಿಲ್ಲ. ಆ ಒಕ್ಕಲು ವಾರಕ್ಕೆ ಮೂರು ದಿನ ಧಣಿಯ ಹೊಲದಲ್ಲಿ ಬಿಟ್ಟಿ ದುಡಿದರೂ ಸಂಜೆ ಹೆಂಡತಿ ಮಕ್ಕಳ ಜೊತೆ ಒಂದೇ ಒಲೆಯ ಮುಂದೆ ಕೂತು ಉಣ್ಣುತ್ತಿದ್ದ. ಅವನ ಕಷ್ಟವೂ ಸಂಸಾರವೂ ಒಂದೇ ಕಡೆ ಇದ್ದವು. ನೀನು ಹುಟ್ಟಿದಂದಿನಿಂದ ನಾವಿಬ್ಬರೂ ಒಟ್ಟಿಗೆ ಉಂಡ ದಿನಗಳನ್ನು ಕೂಡಿಸಿದರೆ ಎರಡು ವರ್ಷವೂ ಆಗಲಿಕ್ಕಿಲ್ಲ. ನನಗೆ ಅದು ಬೇಸರ ಮಗಾ. ಇದನ್ನು ಬೇಕಾದರೆ ಲೇಖನಕ್ಕೆ ಸೇರಿಸು.

ಕಾಗದ ತೆಗೆದದ್ದು ಅಜ್ಜಿಯ ಆ ಸಾಲಿನ ಬಗ್ಗೆ ಬರೆಯಲು, ಉಳಿದದ್ದೆಲ್ಲ ಬರೆದು ಕೂತೆ. ದೇವರು ನಿನಗೆ ಆಯುಸ್ಸು, ಆರೋಗ್ಯ, ಇನ್ನೂ ಸ್ವಲ್ಪ ತಾಳ್ಮೆ ಕೊಡಲಿ. ಅಮ್ಮನ ಮೇಲೆ ಕಣ್ಣಿರಲಿ.

ನಿನ್ನ ಅಪ್ಪ,
ಯಶೋಧರ

ಮತ್ತೆ: ರೋಹಿದಾಸ ಪೆಟ್ಟಿಗೆ ಮುಚ್ಚುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅಜ್ಜಿಯ ಸಾಲನ್ನು ಹೊಡೆದುಹಾಕು. ಕಂಪನಿ ಬಿಡಲಿಲ್ಲ ಎಂದು ನಾನು ನಿಮಗೆ ಹೇಳಿದ್ದು ಸುಳ್ಳು. ಸುದ್ದಿ ಬಂದ ದಿನ ನಮ್ಮ ಮ್ಯಾನೇಜರ್, ಮೈಸೂರಿನ ಧನಂಜಯ್, ತಾವಾಗಿಯೇ ಬಂದು “ಹೋಗ್ಬನ್ನಿ ಯಶೋಧರ, ಹದಿನೈದು ದಿನ ನಾನು ನೋಡ್ಕೋತೀನಿ” ಎಂದರು. ಬೇಡ ಸಾರ್ ಎಂದವನು ನಾನು. ಸ್ಟೋರಿಗೆ ಇನ್‌ಚಾರ್ಜ್ ಯಾರೆಂದು ಆ ತಿಂಗಳೇ ತೀರ್ಮಾನವಾಗುವುದಿತ್ತು, ಹೋದರೆ ಕೈತಪ್ಪುತ್ತದೆ ಎಂದು ಹೆದರಿದೆ. ಹದಿಮೂರನೆಯ ದಿನ ಊರಿನಲ್ಲಿ ನನ್ನ ತಾಯಿಯ ಬೊಜ್ಜದ ಕ್ರಿಯೆಗಳು ನಡೆಯುವಾಗ ನಾನು ಇಲ್ಲಿ ವಾಲ್ವು ಎಣಿಸುತ್ತಿದ್ದೆ. ನಿನ್ನ ಅಮ್ಮನಿಗೂ ಇದು ಗೊತ್ತಿಲ್ಲ. ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಊರಿಗೆ ಹೋದಾಗ ಈ ಕಾಗದವನ್ನು ನೀನೇ ಅವಳಿಗೆ ಓದಿ ಹೇಳು.